ಎತ್ತದ ಕೈ

2021ನೆಯ ಇಸವಿಯ ಆಗಸ್ಟ್ 7ರಂದು ಟೋಕಿಯೋ ನಗರದ ನಿಪ್ಪನ್ ಬುದೊಕಾನ್ ಸಭಾಂಗಣದಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಸಾಂಕ್ರಾಮಿಕ ರೋಗದ ಕಾರಣ ಒಂದು ವರ್ಷ ತಡವಾಗಿ ನಡೆದ ಆ ಒಲಿಂಪಿಕ್ ಕ್ರೀಡಾಕೂಟದಲ್ಲಿ ಕರಾಟೆಗೆ ಮೊಟ್ಟಮೊದಲ ಬಾರಿಗೆ ಸ್ಥಾನ ದೊರೆತಿತ್ತು. 75 ಕಿಲೋಗ್ರಾಮಿಗೆ ಮೇಲ್ಪಟ್ಟ ತೂಕದ ಪುರುಷರ ಅಂತಿಮ ಸ್ಪರ್ಧೆಯಲ್ಲಿ ಸೌದಿ ಅರೇಬಿಯದ ತಾರೆಗ್ ಹಮೇದಿ ಮತ್ತು ಇರಾನಿನ ಸಜ್ಜಾದ್ ಗಂಜ್‌ಜಾದೆ ಎದುರುಬದುರಾಗಿ ನಿಂತಿದ್ದರು. ಹಮೇದಿ 4ಕ್ಕೆ 1ರಂತೆ ಮುಂದಿದ್ದನು. ಅಷ್ಟರಲ್ಲಿ ಅವನು ಬೀಸಿದ ಒಂದು ಒದೆ ಎದುರಾಳಿಯ ತಲೆಯ ಭಾಗಕ್ಕೆ ಬಲವಾಗಿ ತಗುಲಿತು. ಗಂಜ್‌ಜಾದೆ ಎಚ್ಚರ ತಪ್ಪಿ ಉರುಳಿಬಿದ್ದನು. ವೈದ್ಯರು ಓಡಿಬಂದು ಅವನನ್ನು ಡೋಲಿಯ ಮೇಲೆ ಹೊರಗೆ ಸಾಗಿಸಿದರು.

ತೀರ್ಪುಗಾರರು ಸ್ವಲ್ಪ ಹೊತ್ತು ತಮ್ಮತಮ್ಮಲ್ಲಿ ಸಮಾಲೋಚಿಸಿದರು. ಅನಂತರ ಗೆದ್ದವನ ಹೆಸರನ್ನು ಸಾರಿದರು. ಆ ಹೆಸರು ಡೋಲಿಯ ಮೇಲೆ ಮಲಗಿದ್ದವನದು! ಸೌದಿ ಅರೇಬಿಯ ಒಲಿಂಪಿಕ್ಸಿನಲ್ಲಿ ಅಂದಿನವರೆಗೆ ಒಂದು ಚಿನ್ನದ ಪದಕವನ್ನೂ ಕಂಡಿರಲಿಲ್ಲ. ಆ ಮೊದಲ ಚಿನ್ನ ಕೈಗೆ ಬಂದಿತೆನ್ನುವಾಗ ಜಾರಿಹೋಗಿದ್ದಿತು. ಹಮೇದಿ ಕಣ್ಣೀರಿಟ್ಟನು. ತಾನು ಒಲಿಂಪಿಕ್ ವಿಜೇತನೆಂಬುದು ಗಂಜ್‌ಜಾದೆಗೆ ತಿಳಿದದ್ದು ಪ್ರಜ್ಞೆ ಮರಳಿದ ಮೇಲೆ.

ಕಾಳಗದ ಪಂದ್ಯದಲ್ಲಿ ಬಲವಾಗಿ ಹೊಡೆದದ್ದೇ ತಪ್ಪಾಗುವುದುಂಟೆ? ದೂರದರ್ಶನದಲ್ಲಿ ನೋಡುತ್ತಿದ್ದ ಬಹುಮಂದಿಗೆ ಆ ದಿನ ಈ ಪ್ರಶ್ನೆ ಹುಟ್ಟಿರಲೇಬೇಕು. ಆ ಕ್ರೀಡೆಯ ನಿಯಮವೇನೋ ಸ್ಪಷ್ಟವಾಗಿದೆ. ಏಟು ಗುರಿ ಮುಟ್ಟಬೇಕು. ಆದರೆ ಹೊಡೆಯುವವನು ಅದರ ಬಲವನ್ನು ಕೊನೆಯ ಕ್ಷಣದಲ್ಲಿ ತಡೆದುಕೊಳ್ಳಬೇಕು. ತಡೆಯಲಾರದವನಿಗೆ ವಿದ್ಯೆ ಪೂರ್ತಿಯಾಗಿ ಬಂದಿಲ್ಲವೆಂದೇ ಲೆಕ್ಕ. ನಿಯಮವನ್ನು ಬರೆದವರು ಇತ್ತೀಚಿನ ಕ್ರೀಡಾಧಿಕಾರಿಗಳೇ ಇರಬಹುದು. ಅದರ ಹಿಂದಿರುವ ಭಾವನೆ ಮಾತ್ರ ಬಹಳ ಹಳೆಯದು. ಅದನ್ನು ಹುಡುಕಿಕೊಂಡು ಹೋಗಬೇಕಾದರೆ ಜಪಾನಿನ ದಕ್ಷಿಣಕ್ಕೆ ಸಮುದ್ರದಲ್ಲಿ ಚದುರಿಬಿದ್ದಿರುವ ದ್ವೀಪಗಳಿಗೆ ಹೋಗಬೇಕು.

ಓಕಿನಾವಾ ಒಂದು ಕಾಲಕ್ಕೆ ಜಪಾನಿಗೆ ಸೇರಿದ್ದಲ್ಲ. ರ್ಯುಕ್ಯು ಎಂಬ ಸ್ವತಂತ್ರ ರಾಜ್ಯ ಅಲ್ಲಿದ್ದಿತು. ಶುರಿ ಅದರ ರಾಜಧಾನಿ. ಚೀನದೊಡನೆ ಅದಕ್ಕೆ ಹಡಗಿನ ವ್ಯಾಪಾರವೂ ವಿದ್ಯೆಯ ಕೊಡುಕೊಳ್ಳುವಿಕೆಯೂ ಇದ್ದುವು. 1609ರಲ್ಲಿ ಜಪಾನಿನ ಸತ್ಸುಮ ಪ್ರಾಂತದ ಸೈನ್ಯ ಬಂದು ಅದನ್ನು ಅಂಕೆಗೆ ತೆಗೆದುಕೊಂಡಿತು. 1879ರಲ್ಲಿ ರಾಜ್ಯವೇ ರದ್ದಾಗಿ ಜಪಾನಿನ ಒಂದು ಜಿಲ್ಲೆಯಾಯಿತು. ಈ ನಾಡಿನಲ್ಲಿ ಬೆಳೆದ ಆಯುಧವಿಲ್ಲದ ಕಾಳಗದ ವಿದ್ಯೆಗೆ ಜನ ಇಟ್ಟ ಹೆಸರು ‘ತೆ’. ಹಾಗೆಂದರೆ ಕೈ, ಅಷ್ಟೆ. ಆಯುಧ ಕಳೆದುಕೊಂಡ ರೈತರು ದೊರೆಗಳ ವಿರುದ್ಧ ರಹಸ್ಯವಾಗಿ ಕಟ್ಟಿದ ವಿದ್ಯೆ ಇದೆಂಬ ಕಥೆ ಚಲನಚಿತ್ರಗಳಿಗೆ ಬಹಳ ಹಿಡಿಸಿದೆ. ಆದರೆ ಇತಿಹಾಸದಲ್ಲಿ ಹೆಸರುಳಿದಿರುವ ಹಳೆಯ ಗುರುಗಳಲ್ಲಿ ಹೆಚ್ಚಿನವರು ಶುರಿಯ ಅರಮನೆಯ ಸುತ್ತಲಿನ ಮನೆತನಸ್ಥರು. ಸೊಕೋನ್ ಮತ್ಸುಮುರ ಎಂಬ ಪ್ರಸಿದ್ಧ ಗುರು ರಾಜರ ಮೈಗಾವಲಿನಲ್ಲಿದ್ದವನು.

ಅಂಥದೇ ಒಂದು ಮನೆತನದಲ್ಲಿ, 1868ರಲ್ಲಿ, ಗಿಚಿನ್ ಫುನಕೋಶಿ ಹುಟ್ಟಿದರು. ಕರಾಟೆಯನ್ನು ಜಪಾನಿನ ಮುಖ್ಯ ಭೂಮಿಗೂ ಆ ಮೂಲಕ ಜಗತ್ತಿಗೂ ಪರಿಚಯಿಸಿದವರಲ್ಲಿ ಮೊದಲ ಸಾಲಿನವರೆಂದು ಇಂದು ಎಲ್ಲರೂ ಒಪ್ಪುವ ಈ ವ್ಯಕ್ತಿ ಹುಟ್ಟಿನಿಂದ ರೋಗಿಷ್ಠ ಮಗು. ಹೆಚ್ಚು ಕಾಲ ಬದುಕುವ ಭರವಸೆ ಬಂಧುಗಳಿಗಿರಲಿಲ್ಲ. ಶಾಲೆಯಲ್ಲಿ ಅವರ ಸಹಪಾಠಿಯಾಗಿದ್ದವನು ಅಂಕೊ ಅಜಾತೊ ಎಂಬ ಗುರುವಿನ ಮಗ. ಆ ಸ್ನೇಹದಿಂದ ಅಜಾತೊ ಅವರ ಅಂಗಳಕ್ಕೆ ದಾರಿಯಾಯಿತು.

ಓದಿನಲ್ಲಿ ಚುರುಕಾಗಿದ್ದ ಫುನಕೋಶಿಗೆ ವೈದ್ಯನಾಗುವ ಆಸೆಯಿದ್ದಿತು. ಅದಕ್ಕೆ ಅಡ್ಡ ಬಂದದ್ದು ಜುಟ್ಟು! ಹೊಸ ಸರ್ಕಾರದ ವೈದ್ಯಕೀಯ ಶಾಲೆಗೆ ಜುಟ್ಟಿನವರಿಗೆ ಪ್ರವೇಶವಿಲ್ಲ. ಮನೆಯವರಿಗೋ ಜುಟ್ಟೇ ಮನೆತನದ ಮಾನ. ವೈದ್ಯವೃತ್ತಿ ಕೈಬಿಟ್ಟುಹೋಯಿತು. ಕಡೆಗೆ ಸುಮಾರು ಇಪ್ಪತ್ತನೆಯ ವಯಸ್ಸಿನಲ್ಲಿ ಶಾಲಾ ಉಪಾಧ್ಯಾಯನಾಗಿ ಸೇರುವಾಗ ಅದೇ ಜುಟ್ಟನ್ನು ಕತ್ತರಿಸಲೇಬೇಕಾಯಿತು. ಮಗನ ತಲೆ ಕಂಡ ತಂದೆ ಕೆಂಡವಾದರು. ತಾಯಿ ಒಂದು ಮಾತೂ ಆಡದೆ ಹಿತ್ತಿಲ ಬಾಗಿಲಿನಿಂದ ಹೊರಟು ತವರುಮನೆ ಸೇರಿದರು. ಹಳತು ಹೊಸತುಗಳ ನಡುವೆ ಸಿಕ್ಕಿಬಿದ್ದ ಯಾವ ನಾಡಿನ ಮನೆಯಲ್ಲೂ ಇಂಥ ಒಂದು ದಿನ ಬಂದಿರುತ್ತದೆ.

ಹಗಲು ಪಾಠ, ರಾತ್ರಿ ಅಭ್ಯಾಸ. ಆಗ ಈ ವಿದ್ಯೆಯನ್ನು ಬಹಿರಂಗವಾಗಿ ಕಲಿಸುವ ಪದ್ಧತಿ ಇರಲಿಲ್ಲ. ಕತ್ತಲಾದ ಮೇಲೆ ಲಾಂದ್ರ ಹಿಡಿದು ಗುರುವಿನ ಮನೆಗೆ ಹೋಗಿ ಬೆಳಗಿನ ಜಾವಕ್ಕೆ ಹಿಂದಿರುಗುತ್ತಿದ್ದ ಈ ತರುಣ ಉಪಾಧ್ಯಾಯನನ್ನು ಕಂಡು ನೆರೆಹೊರೆಯವರು ಬೇರೆಯೇ ಊಹೆ ಮಾಡಿಕೊಂಡರು; ಹೋಗಬಾರದ ಕೇರಿಗೆ ಹೋಗುತ್ತಾನೆಂದು ಗುಸುಗುಸು ಹಬ್ಬಿತು. ಗುಟ್ಟು ಬಿಡುವಂತಿಲ್ಲ, ಆಡಿಕೊಳ್ಳುವವರು ಆಡಿಕೊಂಡರು.

ಅಷ್ಟಕ್ಕೂ ಅಲ್ಲಿ ನಡೆಯುತ್ತಿದ್ದುದೇನು? ‘ಕಾತಾ’ ಎಂದು ಕರೆಯುವ ಒಂದು ಗೊತ್ತಾದ ಚಲನೆಗಳ ಮಾಲೆ. ಅದೃಶ್ಯ ಎದುರಾಳಿಗಳ ಏಟನ್ನು ತಡೆಯುತ್ತ, ತಿರುಗುತ್ತ, ಗುದ್ದುತ್ತ, ಹೆಜ್ಜೆ ಹಾಕುವ ಒಂಟಿ ಅಭ್ಯಾಸ. ಮಂಕು ದೀಪದ ಬೆಳಕಿನಲ್ಲಿ ಅಜಾತೊ ಜಗುಲಿಯ ಮೇಲೆ ನೆಟ್ಟಗೆ ಕುಳಿತಿರುತ್ತಿದ್ದರು. ಶಿಷ್ಯನು ಅಂಗಳದಲ್ಲಿ ಒಂದೇ ಕಾತಾವನ್ನು ಮತ್ತೆ ಮತ್ತೆ ಮಾಡಬೇಕು. ಮುಗಿದೊಡನೆ ಗುರುವಿನಿಂದ ಬರುತ್ತಿದ್ದುದು ಇನ್ನೊಮ್ಮೆ ಮಾಡೆಂಬ ಅಪ್ಪಣೆ. ವಾರವಲ್ಲ, ತಿಂಗಳಲ್ಲ, ಕೆಲವು ಸಲ ವರ್ಷಗಟ್ಟಲೆ ಅದೇ ಕಾತಾ. ಮುಂದಿನದನ್ನು ಕೇಳುವ ಹಾಗಿಲ್ಲ. ಸಾಕೆಂದು ಗುರುವಿಗೆ ಅನ್ನಿಸಿದ ದಿನ ಒಂದೇ ಒಂದು ಮೆಚ್ಚಿಕೆಯ ಮಾತು. ‘ನೈಹಂಚಿ’ ಎಂಬ ಮೂರು ಕಾತಾಗಳನ್ನು ಕಲಿಯುವುದಕ್ಕೇ ತಮಗೆ ಹತ್ತು ವರ್ಷ ಹಿಡಿಯಿತೆಂದು ಫುನಕೋಶಿ ಬರೆದಿದ್ದಾರೆ.

ಇಂದಿನ ತಂದೆತಾಯಿಗಳಿಗೆ ಇದು ಶುದ್ಧ ಕಾಲಹರಣವಾಗಿ ಕಂಡೀತು. ಆರು ತಿಂಗಳಿಗೊಮ್ಮೆ ನಡುಪಟ್ಟಿಯ ಬಣ್ಣ ಬದಲಾಗದಿದ್ದರೆ ಮಗುವಿನ ಶುಲ್ಕ ವ್ಯರ್ಥವೆಂದು ಕೊರಗುವ ಕಾಲವಿದು. ಆದರೆ ಆ ಅಂಗಳದ ಪಾಠ ಕೇವಲ ಕೈಕಾಲುಗಳಿಗೆ ಸಂಬಂಧಿಸಿದ್ದಲ್ಲ. ಬೇಸರ, ಸಿಟ್ಟು, ತನಗೆಲ್ಲ ಬಂದುಬಿಟ್ಟಿತೆಂಬ ಜಂಬ — ಇವೆಲ್ಲ ಮೊದಲ ವರ್ಷದಲ್ಲೇ ಬಂದು ಹೋಗಬೇಕು. ಅವು ತಂಗಿದ್ದವನ ಕೈಗೆ ಗುದ್ದಿನ ಬಲ ಕೊಡುವುದು ಅಪಾಯವೆಂದು ಆ ಹಿರಿಯರು ತಿಳಿದಿದ್ದರು.

ಕಲಿತದ್ದು ಎಷ್ಟರಮಟ್ಟಿಗೆ ಇಳಿದಿದೆ ಎಂಬುದಕ್ಕೆ ಒಂದು ಸಂಜೆ ಪರೀಕ್ಷೆ ಒದಗಿತು. ಹಿರಿಯರ ಪೂಜಾಪೀಠಕ್ಕೆ ಅರ್ಪಿಸಲೆಂದು ಸಿಹಿ ಕಡುಬಿನಂಥ ತಿಂಡಿಯ ಪೊಟ್ಟಣ ಹಿಡಿದು ಫುನಕೋಶಿ ಪೈನ್ ಮರಗಳ ಸಾಲಿನ ನಿರ್ಜನವಾದ ದಾರಿಯಲ್ಲಿ ನಡೆಯುತ್ತಿದ್ದರು. ಕತ್ತಲಾಗಿತ್ತು. ಇಬ್ಬರು ದಾಂಡಿಗರು ಅಡ್ಡಗಟ್ಟಿದರು. ಹಣ ಕೇಳಿದರು, ಇರಲಿಲ್ಲ. ಹೊಗೆಸೊಪ್ಪು ಕೇಳಿದರು, ಫುನಕೋಶಿಗೆ ಆ ಅಭ್ಯಾಸವಿಲ್ಲ. ಕೈಯಲ್ಲಿರುವುದೇನೆಂದರು. ದೇವರಿಗೆಂದು ಒಯ್ಯುತ್ತಿರುವ ತಿಂಡಿ ಎಂದು ಉತ್ತರ ಬಂದಿತು. ಅದನ್ನೇ ಕೊಡೆಂದರು. ಕುಳ್ಳಗೆ ಸಣ್ಣಗೆ ಇದ್ದ ಈ ಉಪಾಧ್ಯಾಯನನ್ನು ನೋಡಿ ಅವರಿಗೆ ನಗೆ. ಒಂದೆರಡು ಏಟಿನಲ್ಲಿ ಇಬ್ಬರನ್ನೂ ನೆಲಕ್ಕೆ ಒರಗಿಸುವ ಶಕ್ತಿ ಆ ಕೈಗಳಿಗಿದ್ದಿತು. ಕೈಗಳು ಪೊಟ್ಟಣವನ್ನು ನೀಡಿದುವು.

ಮರುದಿನವೋ ಮುಂದೆಂದೋ ಗುರುಗಳಿಗೆ ಈ ಸಂಗತಿಯನ್ನು ಅರಿಕೆ ಮಾಡಿದಾಗ, ಇನ್ನೊಬ್ಬ ಗುರು ಅಂಕೊ ಇತೊಸು, ಸರಿಯಾಗಿಯೇ ನಡೆದುಕೊಂಡೆ ಎಂದು ಮೆಚ್ಚಿದರು. ಅಜಾತೊ ಮಾತ್ರ ಒಂದು ಪ್ರಶ್ನೆ ಕೇಳಿದರು: ತಿಂಡಿ ಹೋಯಿತಲ್ಲ, ಪೀಠದ ಮುಂದೆ ಏನು ಅರ್ಪಿಸಿದೆ? ಬರಿಗೈಯಲ್ಲಿ ಹೋಗಿ ಮನಸಾರೆ ಪ್ರಾರ್ಥನೆ ಸಲ್ಲಿಸಿದೆನೆಂದು ಶಿಷ್ಯನು ತಿಳಿಸಿದನು. ಅಜಾತೊಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಕರಾಟೆಯ ಮರ್ಮ ಈಗ ನಿನಗೆ ತಿಳಿಯಲಾರಂಭಿಸಿದೆ ಎಂಬುದು ಅವರ ಮಾತಿನ ತಾತ್ಪರ್ಯ. ವರ್ಷಗಟ್ಟಲೆ ಒಂದೇ ಕಾತಾ ಮಾಡಿಸಿ ಒಂದೇ ಒಂದು ಮೆಚ್ಚುಮಾತು ಆಡುತ್ತಿದ್ದ ಗುರು, ಒಂದೂ ಏಟು ಹಾಕದೆ ಬಂದ ರಾತ್ರಿಗೆ ಇಷ್ಟು ಹೊಗಳಿದರು!

ಇದನ್ನು ಓದಿದವರಿಗೆ ಒಂದು ಸಂದೇಹ ಬರುವುದು ಸಹಜ. ಪುಕ್ಕಲನೂ ಪೊಟ್ಟಣ ಕೊಟ್ಟೇ ಓಡುತ್ತಾನೆ. ಹಾಗಾದರೆ ಹೆದರಿದವನಿಗೂ ಸಂಯಮಿಗೂ ವ್ಯತ್ಯಾಸವೇನು? ದಾರಿಯಲ್ಲಿ ನಿಂತು ನೋಡುವವನಿಗೆ ಇಬ್ಬರೂ ಒಂದೇ ರೀತಿ ಕಾಣುತ್ತಾರೆ. ವ್ಯತ್ಯಾಸ ಗೊತ್ತಾಗುವುದು ಆ ಕೈಯ ಒಡೆಯನಿಗೆ ಮಾತ್ರ. ಈ ವಿದ್ಯೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ: ಹೊಡೆಯುವುದನ್ನು ಇಪ್ಪತ್ತು ವರ್ಷ ಕಲಿತು, ಕಲಿತದ್ದಕ್ಕೆ ಸಾಕ್ಷಿ ತೋರಿಸದೆ ಮನೆಗೆ ನಡೆಯಬೇಕು.

ಇತೊಸು ಅವರ ಬಗೆಗೂ ಇಂಥ ಒಂದು ಪ್ರಸಂಗವನ್ನು ಫುನಕೋಶಿ ಹೇಳಿದ್ದಾರೆ; ಅದು ಸ್ವಲ್ಪ ಹಾಸ್ಯಕ್ಕೆ ತಿರುಗುವಂಥದು. ನಹಾ ಪಟ್ಟಣದ ಒಂದು ಭೋಜನಶಾಲೆಯ ಬಾಗಿಲಲ್ಲಿ ಅವರು ಕಾಲಿಡುವಾಗ, ಹೆಸರು ಗಳಿಸಬೇಕೆಂದಿದ್ದ ಒಬ್ಬ ತರುಣ ಹಿಂದಿನಿಂದ ಗುದ್ದಿದನು. ಇತೊಸು ಪೀಪಾಯಿಯಂಥ ಮೈಕಟ್ಟಿನವರು. ಏಟು ಮೈಗೆ ತಗುಲಿ ಪುಟಿಯಿತು. ಅವರು ತಿರುಗಿಯೂ ನೋಡದೆ ಅವನ ಮಣಿಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಹಾಗೆಯೇ ಒಳಗೆ ನಡೆದು, ಗಾಬರಿಯಾದ ಪರಿಚಾರಿಕೆಯರಿಗೆ ಊಟ ಪಾನೀಯ ತರಹೇಳಿ, ಎಡಗೈಯಲ್ಲಿ ಒಂದು ಬಟ್ಟಲು ಕುಡಿದರು. ಆಮೇಲೆಯೇ ಅವನನ್ನು ಮುಂದಕ್ಕೆಳೆದು ಮುಖ ನೋಡಿದ್ದು. ತನ್ನ ಮೇಲೆ ನಿನಗೇನು ಕೋಪವೋ ಗೊತ್ತಿಲ್ಲ, ಬಾ, ಒಟ್ಟಿಗೆ ಕುಡಿಯೋಣವೆಂದರಂತೆ. ನೋವಿನಿಂದ ಬಾಡಿಹೋಗಿದ್ದ ಅವನಿಗೆ ಏನು ರುಚಿಸಿತೋ!

ಈ ಇತೊಸು ಕರಾಟೆಯನ್ನು ಕತ್ತಲ ಅಂಗಳದಿಂದ ಹಗಲಿನ ಶಾಲೆಗೆ ತಂದವರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಓಕಿನಾವಾದ ಶಾಲಾಬಾಲಕರಿಗೆ ಅದನ್ನು ಅಂಗಸಾಧನೆಯಾಗಿ ಕಲಿಸತೊಡಗಿದರು. ಮಕ್ಕಳಿಗೆಂದೇ ಸುಲಭವಾದ ಕಾತಾಗಳನ್ನು ಅಳವಡಿಸಿದರು. 1908ರಲ್ಲಿ ಅಧಿಕಾರಿಗಳಿಗೆ ಹತ್ತು ಅಂಶಗಳ ಒಂದು ಪತ್ರ ಬರೆದರು. ಆ ಪತ್ರ ಇಂದಿಗೂ ಉಳಿದಿದೆ. ಪುಂಡನೋ ಕಳ್ಳನೋ ಎದುರಾದಾಗಲೂ ಕೈಕಾಲುಗಳಿಂದ ಗಾಯ ಮಾಡುವುದನ್ನು ಆದಷ್ಟು ತಪ್ಪಿಸಬೇಕೆಂದು ಅದರ ಮೊದಲ ಅಂಶದಲ್ಲಿಯೇ ಇದೆ. ಎರಡನೆಯ ಅಂಶಕ್ಕೆ ಬಂದರೆ ರಾಗ ಬದಲಾಗುತ್ತದೆ: ಬಾಲ್ಯದಲ್ಲಿ ಕರಾಟೆ ಕಲಿತವರು ಮುಂದೆ ಸೈನ್ಯಕ್ಕೆ ಬಹಳ ಉಪಯುಕ್ತರಾಗುವರು! ವಾಟರ್ಲೂ ಕದನವನ್ನು ಗೆದ್ದ ವೆಲಿಂಗ್ಟನ್ನನ ಹೆಸರೂ ಅಲ್ಲಿ ಬರುತ್ತದೆ. ರಷ್ಯದ ಮೇಲೆ ಜಪಾನ್ ಜಯ ಗಳಿಸಿ ಮೂರು ವರ್ಷವಾಗಿದ್ದ ಕಾಲ ಅದು. ಸರ್ಕಾರದ ಕಿವಿಗೆ ಯಾವ ಮಾತು ಇಂಪಾಗುವುದೆಂದು ಇತೊಸುಗೆ ತಿಳಿದಿದ್ದಿತು. ಆದರೂ ಕೈ ಎತ್ತಬೇಡವೆನ್ನುವ ಪಾಠವೂ ಬಂದೂಕು ಹಿಡಿಯುವವನನ್ನು ಸಿದ್ಧಪಡಿಸುವ ಆಸೆಯೂ ಒಂದೇ ಕಾಗದದಲ್ಲಿ ಅಕ್ಕಪಕ್ಕ ಕುಳಿತಿರುವುದನ್ನು ಮರೆಮಾಚುವಂತಿಲ್ಲ. ಈ ತೊಡಕು ಮುಂದೆ ಕರಾಟೆಯನ್ನು ಬಹುದೂರ ಹಿಂಬಾಲಿಸಿತು.

1922ರಲ್ಲಿ ಟೋಕಿಯೋದಲ್ಲಿ ಶಿಕ್ಷಣ ಇಲಾಖೆಯ ಆಶ್ರಯದಲ್ಲಿ ಅಂಗಸಾಧನೆಯ ಪ್ರದರ್ಶನವೊಂದು ಏರ್ಪಟ್ಟಿತು. ಓಕಿನಾವಾದ ಪರವಾಗಿ ಹೋದವರು ಫುನಕೋಶಿ. ಆಗ ಅವರಿಗೆ ಐವತ್ತು ದಾಟಿತ್ತು. ಉಪಾಧ್ಯಾಯ ವೃತ್ತಿ ಮುಗಿದಿತ್ತು. ಜೂಡೋ ವಿದ್ಯೆಯ ಸ್ಥಾಪಕ ಜಿಗೊರೊ ಕಾನೊ ತಮ್ಮ ಕೊದೊಕಾನ್ ಶಾಲೆಗೆ ಕರೆಸಿ ಮತ್ತೊಮ್ಮೆ ಪ್ರದರ್ಶನ ಮಾಡಿಸಿದರು. ಇನ್ನಷ್ಟು ದಿನ ನಿಂತು ಕಲಿಸಬೇಕೆಂದು ಕೇಳಿದವರೂ ಇದ್ದರು. ಹಿಂದಿರುಗಬೇಕಾಗಿದ್ದವರು ನಿಂತರು. ಹೆಂಡತಿ ಮಕ್ಕಳು ಓಕಿನಾವಾದಲ್ಲಿ. ಇವರು ಇಲ್ಲಿ ಬರಿಗೈಯಲ್ಲಿ.

ಬರಿಗೈ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಓಕಿನಾವಾದ ವಿದ್ಯಾರ್ಥಿಗಳಿದ್ದ ಒಂದು ವಸತಿನಿಲಯದಲ್ಲಿ ಸಣ್ಣ ಕೊಠಡಿ ಸಿಕ್ಕಿತು. ಅದರ ಬದಲಿಗೆ ಕಾವಲು ಕಾಯುವುದು, ತೋಟ ನೋಡುವುದು, ಕೊಠಡಿಗಳ ಕಸ ಗುಡಿಸುವುದು ಅವರ ಪಾಲಿನ ಕೆಲಸವಾಯಿತು. ಅಡಿಗೆಯವನಿಗೆ ಕರಾಟೆ ಹೇಳಿಕೊಟ್ಟು ತಿಂಗಳ ಊಟದ ಹಣದಲ್ಲಿ ಸ್ವಲ್ಪ ಬಿಡಿಸಿಕೊಂಡರು. ಅದೂ ಸಾಲದೆ ಹಳೆಯ ಟೋಪಿಯನ್ನೂ ಓಕಿನಾವಾದ ಕೈಮಗ್ಗದ ನಿಲುವಂಗಿಯನ್ನೂ ಒತ್ತೆ ಇಡಲು ಹೋದರು. ಗುರುತು ಸಿಗದಿರಲೆಂದು ದೂರದ ಅಂಗಡಿಗೇ ಹೋದರು. ಆ ಹಳೆಯ ಬಟ್ಟೆಗೆ ಅಂಗಡಿಯವನು ನಿರೀಕ್ಷೆಗಿಂತ ಎಷ್ಟೋ ಹೆಚ್ಚು ಹಣ ಕೊಟ್ಟನು. ಆಮೇಲೆ ತಿಳಿಯಿತು, ಅಲ್ಲಿದ್ದ ಗುಮಾಸ್ತನ ತಮ್ಮ ಇವರ ಶಿಷ್ಯ!

ಒಂದು ದಿನ ಅಂಗಳ ಗುಡಿಸುತ್ತಿದ್ದಾಗ ಪತ್ರಿಕೆಯವನೊಬ್ಬ ಬಂದು ಕರಾಟೆಯ ಗುರು ಫುನಕೋಶಿ ಎಲ್ಲಿ ಸಿಗುವರೆಂದು ಕೇಳಿದನು. ಸ್ವಲ್ಪ ತಾಳಿ ಎಂದು ಪೊರಕೆ ಇಟ್ಟು ಒಳಗೆ ಓಡಿ, ಗೌರವದ ಉಡುಪು ತೊಟ್ಟು ಬಾಗಿಲಿಗೆ ಬಂದು, ತಾವೇ ಫುನಕೋಶಿ ಎಂದು ಪರಿಚಯ ಹೇಳಿಕೊಂಡರು. ಪತ್ರಿಕೆಯವನ ಮುಖ ಹೇಗಾಗಿದ್ದೀತೆಂದು ಊಹಿಸಿಕೊಳ್ಳಬಹುದು. ಈ ಕಷ್ಟವನ್ನೆಲ್ಲ ಅವರು ಮುಪ್ಪಿನಲ್ಲಿ ಬರೆದಿರುವುದು ದೂರಾಗಿ ಅಲ್ಲ, ನಗುನಗುತ್ತ. ಇಂದಿಗೂ ಕರಾಟೆ ಶಾಲೆಯಲ್ಲಿ ನೆಲ ಒರೆಸುವುದು ಶಿಷ್ಯರ ಕೆಲಸ; ಅದನ್ನು ಶಿಕ್ಷೆಯೆಂದು ಭಾವಿಸುವವನು ಕಲಿಸುವವರ ಈ ಪೊರಕೆಯ ಕಥೆ ಕೇಳಿಲ್ಲ.

ಆ ಶಾಲೆಯ ಹೆಸರೇ ‘ಡೋಜೊ’. ಮಾರ್ಗದ ಸ್ಥಳವೆಂದು ಅದರ ಅಕ್ಷರಾರ್ಥ. ಚೀನದ ಬೌದ್ಧರು ಈ ಎರಡು ಅಕ್ಷರಗಳನ್ನು ಮೊದಲು ಜೋಡಿಸಿ ಬಳಸಿದ್ದು ಸಂಸ್ಕೃತದ ‘ಬೋಧಿಮಂಡ’ ಎಂಬ ಪದಕ್ಕಾಗಿ. ಬುದ್ಧನಿಗೆ ಜ್ಞಾನೋದಯವಾದ ನೆಲಕ್ಕೆ ಇರುವ ಹೆಸರು ಅದು. ಗರಡಿಯ ಮಣ್ಣನ್ನು ಕಣ್ಣಿಗೊತ್ತಿಕೊಂಡು ಒಳಗಿಳಿಯುವ ಮನೆಗಳವರಿಗೆ, ಡೋಜೊದ ಹೊಸ್ತಿಲಲ್ಲಿ ಬಾಗಿ ವಂದಿಸುವ ಪದ್ಧತಿಯನ್ನು ವಿವರಿಸಬೇಕಾಗಿಲ್ಲ. ದಕ್ಷಿಣ ಭಾರತದ ಬೋಧಿಧರ್ಮನೇ ಚೀನದ ಶಾವೊಲಿನ್ ಮಠದಲ್ಲಿ ಈ ವಿದ್ಯೆಯ ಬೀಜ ಬಿತ್ತಿದನೆಂಬ ಐತಿಹ್ಯವನ್ನು ಕರಾಟೆಯ ಪುಸ್ತಕಗಳು ಹೇಳುತ್ತವೆ. ಕೇಳಲು ಹೆಮ್ಮೆಯೆನಿಸುತ್ತದೆ, ಆದರೆ ಅದಕ್ಕೆ ಆಧಾರವಾದ ಬರಹ ಹುಟ್ಟಿದ್ದು ಬೋಧಿಧರ್ಮನ ಕಾಲಕ್ಕೆ ಸುಮಾರು ಸಾವಿರ ವರ್ಷಗಳ ತರುವಾಯ. ಡೋಜೊ ಎಂಬ ಮಾತಿನ ನೆಂಟಸ್ತಿಕೆಯೇ ಇದಕ್ಕಿಂತ ಗಟ್ಟಿಯಾದದ್ದು.

ಇನ್ನೊಂದು ಹೆಸರಿನ ಕಥೆಯೂ ಇದೆ. ‘ಕರಾಟೆ’ ಎಂಬುದನ್ನು ಹಿಂದೆ ‘ಚೀನದ ಕೈ’ ಎಂಬರ್ಥದ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಅದೇ ಉಚ್ಚಾರಣೆಯ ಬೇರೊಂದು ಅಕ್ಷರಕ್ಕೆ ಬರಿದು, ಶೂನ್ಯ ಎಂಬರ್ಥ. ಫುನಕೋಶಿ ಅದನ್ನು ಬಳಕೆಗೆ ತಂದರು. ಓಕಿನಾವಾದಲ್ಲಿ ಕೆಲವರಿಗೆ ಇದು ಹಿರಿಯರಿಗೆ ಮಾಡಿದ ಅವಮಾನವಾಗಿ ಕಂಡಿತು. ಕಡೆಗೆ 1936ರಲ್ಲಿ ನಹಾದಲ್ಲಿ ಪತ್ರಿಕೆಯೊಂದು ಕರೆದ ಗುರುಗಳ ಸಭೆ ಹೊಸ ಅಕ್ಷರಕ್ಕೆ ಒಪ್ಪಿಗೆ ನೀಡಿತು. ಜಪಾನಿನಲ್ಲಿ ಚೀನದ ಹೆಸರು ಹಿಡಿಸದ ಕಾಲ ಅದು. ಬದಲಾವಣೆಗೆ ಆ ರಾಜಕೀಯದ ಗಾಳಿಯೂ ನೆರವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಫುನಕೋಶಿ ಆ ಅಕ್ಷರದಲ್ಲಿ ಕಂಡದ್ದು ಬೇರೆ. ಕೈಯಲ್ಲಿ ಆಯುಧವಿಲ್ಲವೆಂಬುದು ಮೇಲಿನ ಅರ್ಥ. ಮನಸ್ಸಿನಲ್ಲಿ ನಾನೆಂಬುದೂ ಕೇಡೂ ಇರಬಾರದೆಂಬುದು ಒಳಗಿನ ಅರ್ಥ. ಬಿದಿರು ಒಳಗೆ ಟೊಳ್ಳಾಗಿದ್ದರೂ ನೆಟ್ಟಗೆ ನಿಲ್ಲುವುದನ್ನು ಅವರು ಹೋಲಿಕೆಯಾಗಿ ಕೊಡುತ್ತಿದ್ದರು. ಬೌದ್ಧರ ಶೂನ್ಯವನ್ನು ಅವರು ಗುದ್ದುವ ಮುಷ್ಟಿಗೆ ತಂದು ಜೋಡಿಸಿದರು. ಎಂಥ ವಿಚಿತ್ರ ಜೋಡಣೆ!

ಅವರು ಶಿಷ್ಯರಿಗೆ ಕೊಟ್ಟ ಇಪ್ಪತ್ತು ಸೂತ್ರಗಳಲ್ಲಿ ಮೊದಲನೆಯದು ವಿನಯವನ್ನು ಕುರಿತದ್ದು: ಆರಂಭವೂ ಮುಕ್ತಾಯವೂ ವಂದನೆಯಿಂದ. ಎರಡನೆಯದೇ ಹೆಚ್ಚು ಪ್ರಸಿದ್ಧವಾದದ್ದು. ಕರಾಟೆಯಲ್ಲಿ ಮೊದಲ ಏಟೆಂಬುದೇ ಇಲ್ಲ ಎಂಬುದು ಅದರ ಭಾವ. ಬಹುತೇಕ ಕಾತಾಗಳು ತಡೆಯುವ ಚಲನೆಯಿಂದಲೇ ತೊಡಗುತ್ತವೆಂದು ಇದಕ್ಕೆ ಸಾಕ್ಷಿ ತೋರಿಸುವುದುಂಟು.

ಇದನ್ನು ಎಲ್ಲರೂ ಒಪ್ಪಿದರೆಂದಲ್ಲ. ಚೊಕಿ ಮೊತೊಬು ಎಂಬ ಇನ್ನೊಬ್ಬ ಓಕಿನಾವಾದ ಗುರು ಇದ್ದರು. ರಾಜವಂಶದ ಕವಲಿನಲ್ಲಿ ಹುಟ್ಟಿದರೂ ಬೀದಿಯ ಕಾಳಗಗಳಲ್ಲಿ ವಿದ್ಯೆಯನ್ನು ಒರೆಗೆ ಹಚ್ಚಿದವರು. ಮೊದಲ ಏಟಿಲ್ಲವೆಂಬ ಮಾತನ್ನು ಅಕ್ಷರಶಃ ಹಿಡಿಯುವವರು ತಪ್ಪು ತಿಳಿದಿದ್ದಾರೆ. ಕಾದಾಟ ಅನಿವಾರ್ಯವಾದಾಗ ಮೊದಲು ಕೈ ಮುಂದೆ ಮಾಡುವವನೇ ಉಳಿಯುತ್ತಾನೆ ಎಂಬ ಅಭಿಪ್ರಾಯವನ್ನು ಅವರು 1930ರ ದಶಕದಲ್ಲಿ ಪ್ರಕಟಿಸಿದರು. ಇಬ್ಬರಿಗೂ ಆಗುತ್ತಿರಲಿಲ್ಲ. ಅದಕ್ಕೆ ತಕ್ಕಂತೆ ಒಂದು ತಮಾಷೆಯೂ ನಡೆದುಹೋಯಿತು. ಕ್ಯೋಟೋದಲ್ಲಿ ಮೊತೊಬು ಒಬ್ಬ ವಿದೇಶೀ ಮುಷ್ಟಿಮಲ್ಲನನ್ನು ಕೆಡವಿದ್ದರು. 1925ರಲ್ಲಿ ‘ಕಿಂಗು’ ಎಂಬ ಜನಪ್ರಿಯ ಪತ್ರಿಕೆ ಆ ಕಾಳಗದ ವೃತ್ತಾಂತವನ್ನು ಅಚ್ಚುಮಾಡಿದಾಗ, ಮೊತೊಬು ಹೆಸರಿನ ಕೆಳಗೆ ಚಿತ್ರಕಾರನು ಬರೆದದ್ದು ಫುನಕೋಶಿಯ ಮುಖ! ಕೈ ಎತ್ತಬೇಡವೆನ್ನುವವರ ಚಿತ್ರ ಕೈ ಎತ್ತಿದ ಭಂಗಿಯಲ್ಲಿ ಮನೆಮನೆಗೂ ಹೋಯಿತು. ಸಚಿತ್ರ ಪತ್ರಿಕೆಗಳ ತಪ್ಪುಗಳಿಗೆ ಎಷ್ಟು ಹಳೆಯ ವಂಶಾವಳಿಯಿದೆ!

ಮೊತೊಬು ಅವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಕತ್ತಿ ಹಿಡಿದು ಮೇಲೆ ಬೀಳುವವನೆದುರು ಸೂತ್ರ ನೆನೆಯುತ್ತ ನಿಲ್ಲುವುದು ಮೂರ್ಖತನ. ಫುನಕೋಶಿಯೂ ಸಾಯಲು ಹೇಳಲಿಲ್ಲ. ಬೇರೆ ದಾರಿ ಇರುವವರೆಗೆ ಅದನ್ನು ಹುಡುಕೆಂಬುದು ಅವರ ಬೋಧನೆ. ಕಷ್ಟವಿರುವುದು ಬೇರೆ ದಾರಿ ಮುಗಿಯಿತೆಂದು ತೀರ್ಮಾನಿಸುವವರು ಯಾರೆಂಬುದರಲ್ಲಿ. ಸಿಟ್ಟು ಬಂದ ಪ್ರತಿಯೊಬ್ಬನಿಗೂ ಬೇರೆ ದಾರಿ ಮುಗಿದಂತೆಯೇ ಕಾಣುತ್ತದೆ.

ರಾಷ್ಟ್ರಗಳಿಗೂ ಹಾಗೆಯೇ ಕಾಣುತ್ತದೆ. ಜಪಾನ್ ಯುದ್ಧಕ್ಕಿಳಿಯಿತು. ವಿಶ್ವವಿದ್ಯಾನಿಲಯಗಳಲ್ಲಿ ಫುನಕೋಶಿಯ ಬಳಿ ಕಲಿತ ನೂರಾರು ತರುಣರು ರಣರಂಗಕ್ಕೆ ಹೋಗುವ ಮೊದಲು ಡೋಜೊಗೆ ನುಗ್ಗಿದರು. ಒಳಗೆ ಸ್ಥಳ ಸಾಲದೆ ಬೀದಿಯಲ್ಲೂ ಅಭ್ಯಾಸ ನಡೆಯಿತು. ಅವರಲ್ಲಿ ಬಹಳ ಮಂದಿ ಹಿಂದಿರುಗಲಿಲ್ಲ. ಮೊದಲ ಏಟಿಲ್ಲವೆಂದು ಕಲಿತ ಕೈಗಳು ಅಲ್ಲಿ ಏನು ಮಾಡಿದುವೋ ಯಾರು ಬಲ್ಲರು? ಇತೊಸು ಪತ್ರದ ಎರಡನೆಯ ಅಂಶ ಹೀಗೆ ನಿಜವಾಯಿತು. 1936ರ ಹೊತ್ತಿಗೆ ಅಭಿಮಾನಿಗಳು ಹಣ ಕೂಡಿಸಿ ಕಟ್ಟಿಸಿಕೊಟ್ಟಿದ್ದ ಡೋಜೊ 1945ರ ವಿಮಾನದಾಳಿಯಲ್ಲಿ ಸುಟ್ಟುಹೋಯಿತು. ಅದೇ ವರ್ಷ ಓಕಿನಾವಾದ ಕದನದಲ್ಲಿ ಶುರಿಯ ಅರಮನೆ ನೆಲಸಮವಾಯಿತು. ವಿದ್ಯೆಗೆ ವಾರಸುದಾರನಾಗಿದ್ದ ಮಗ ಗಿಗೊ ಆ ವರ್ಷವೇ ಕಾಯಿಲೆಯಿಂದ ತೀರಿಕೊಂಡನು. 1947ರಲ್ಲಿ ಹೆಂಡತಿಯೂ ಹೋದಳು. ಆಗ ಅವರು ಎಂಬತ್ತರ ಸಮೀಪದ ಮುದುಕರು.

ಎರಡನೆಯ ರಾತ್ರಿ ಬಂದದ್ದು ಆ ಕಾಲದಲ್ಲಿ. ಹಸಿವಿನ ಟೋಕಿಯೋ, ಬೀದಿಗಳಲ್ಲಿ ದೀಪ ವಿರಳ. ಪದ್ಯವಾಚನದ ಗೋಷ್ಠಿಯೊಂದನ್ನು ಮುಗಿಸಿಕೊಂಡು ಫುನಕೋಶಿ ತಡವಾದ ರೈಲಿನಲ್ಲಿ ಇಳಿದು ಕೊಡೆ ಹಿಡಿದು ಮನೆಯ ಕಡೆ ನಡೆಯುತ್ತಿದ್ದರು. ಕತ್ತಲಿನಿಂದ ಒಬ್ಬನು ಹಾರಿಬಂದು, ಅಜ್ಜಾ ಎಂದು ಕರೆಯುತ್ತ ಅಡ್ಡ ನಿಂತು, ಮೇಲೆ ಬಿದ್ದನು. ಮುದುಕರ ಮೈ ತಾನಾಗಿ ಬಗ್ಗಿತು. ಬೀಸಿದ ಏಟು ತಲೆಯ ಮೇಲೆ ಹಾದುಹೋಯಿತು. ಅವರ ಕೈ ಮುಂದೆ ಚಾಚಿ ಅವನ ಮರ್ಮಸ್ಥಾನವನ್ನು ಬಿಗಿಯಾಗಿ ಹಿಡಿಯಿತು. ಅವನು ನೋವಿನಿಂದ ಅಲುಗಾಡಲಾರದೆ ನಿಂತನು. ಅಷ್ಟರಲ್ಲಿ ಗಸ್ತಿನ ಪೋಲೀಸಿನವನು ಆ ದಾರಿಯಲ್ಲಿ ಬಂದನು. ಕಳ್ಳನನ್ನು ಅವನ ವಶಕ್ಕೆ ಕೊಟ್ಟರು.

ಬೇರೊಬ್ಬರಾಗಿದ್ದರೆ ಇದು ಹೇಳಿ ಮುಗಿಯದ ಕಥೆಯಾಗುತ್ತಿತ್ತು. ಎಂಬತ್ತರ ಮುದುಕ, ಕತ್ತಲು, ಕಳ್ಳ, ಒಂದೇ ಹಿಡಿತ! ತಪ್ಪು ಮಾಡಿದ್ದೀರಿ ಎಂದು ಯಾವ ನ್ಯಾಯಾಲಯವೂ ಹೇಳುತ್ತಿರಲಿಲ್ಲ. ಮೊದಲು ಕೈ ಎತ್ತಿದವನು ಅವನೇ. ಆದರೆ 1956ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಫುನಕೋಶಿ ಇದನ್ನು ಬರೆದಿರುವ ರೀತಿ ಬೇರೆ. ತರುಣರಿಗೆ ಮಾಡಬೇಡಿರೆಂದು ಹೇಳಿಕೊಂಡು ಬಂದದ್ದನ್ನು ತಾವೇ ಮಾಡಿದ್ದಕ್ಕೆ ಅವರಿಗೆ ನಾಚಿಕೆಯಾಯಿತು. ಆ ಮನುಷ್ಯನು ಯುದ್ಧದಿಂದ ಆಗಷ್ಟೇ ಹಿಂದಿರುಗಿ, ಕೆಲಸವಿಲ್ಲದೆ, ಆ ಕ್ಷಣದ ಬುದ್ಧಿಯಿಂದ ಹಾಗೆ ಮಾಡಿದ್ದಿರಬಹುದೆಂದು ಅವರಿಗೆ ತೋರಿತು. ಪೈನ್ ಮರಗಳ ದಾರಿಯಲ್ಲಿ ಕೊಡಲು ಒಂದು ಪೊಟ್ಟಣವಿತ್ತು, ಕೊಟ್ಟಿದ್ದರು. ಇಲ್ಲಿ ಕೈ ತನಗೆ ತಾನೇ ಮುಂದೆ ಹೋಗಿತ್ತು.

ಮೊದಲ ರಾತ್ರಿಯ ವಿಷಯವನ್ನು ಅರಿಕೆ ಮಾಡಿಕೊಳ್ಳಲು ಇಬ್ಬರು ಗುರುಗಳಿದ್ದರು. ಒಬ್ಬರು ಮೆಚ್ಚಿದ್ದರು, ಒಬ್ಬರು ಪ್ರಶ್ನೆ ಕೇಳಿ ಹಿಗ್ಗಿದ್ದರು. ಈಗ ಯಾರೂ ಇರಲಿಲ್ಲ. ಅಜಾತೊ 1906ರಲ್ಲಿಯೂ ಇತೊಸು 1915ರಲ್ಲಿಯೂ ತೀರಿಕೊಂಡಿದ್ದರು. ಇನ್ನೊಮ್ಮೆ ಮಾಡೆಂದು ಜಗುಲಿಯಿಂದ ಹೇಳುವವರಿಲ್ಲದೆ, ಮುದುಕರು ಆ ರಾತ್ರಿಯ ಲೆಕ್ಕವನ್ನು ತಾವೇ ಬರೆದಿಟ್ಟರು. ಪುಸ್ತಕ ಹೊರಬಂದ ಮರುವರ್ಷ, 1957ರ ಏಪ್ರಿಲ್‌ನಲ್ಲಿ, ಅವರು ಕಣ್ಣುಮುಚ್ಚಿದರು.